ಇಪ್ಪತ್ತೆರಡು ಸಾಮಾನಿನ ಪೆಟ್ಟಿಗೆ

ನನಗೆ ಪೆಟ್ಟಿಗೆ ತುಂಬಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಟ್ಟೆಯ ಪೆಟ್ಟಿಗೆಯ ಮಾತಲ್ಲ. ಅದನ್ನು ಸಾವಿತ್ರಿ ತುಂಬುತ್ತಾಳೆ, ನಾನು ಮುಚ್ಚಳದ ಮೇಲೆ ಕೂರುತ್ತೇನೆ, ಅಲ್ಲಿಗೆ ಗಂಡ ಹೆಂಡತಿ ಇಬ್ಬರ ಕರ್ತವ್ಯವೂ ಮುಗಿಯುತ್ತದೆ. ನಾನು ಹೇಳುತ್ತಿರುವುದು ಔಷಧಿ ಪೆಟ್ಟಿಗೆಯ ವಿಷಯ. ಎರಡು ದಿನದ ಮಟ್ಟಿಗೆ ಎಲ್ಲಾದರೂ ಹೊರಟರೆ ಅದಕ್ಕೆ ಏನು ಹಾಕಬೇಕು, ಏನು ಬಿಡಬೇಕು ಎಂಬುದು ನನಗೆ ಇಂದಿಗೂ ಬಗೆಹರಿಯದ ಪ್ರಶ್ನೆ. ಹತ್ತಿ ಹಾಕುತ್ತೇನೆ. ಹತ್ತಿ ಏತಕ್ಕೆ ಎಂದು ತೆಗೆಯುತ್ತೇನೆ. ತೆಗೆದ ಮೇಲೆ ಯಾರದೋ ಮೂಗಿನಿಂದ ರಕ್ತ ಸುರಿಯುತ್ತಿರುವಂತೆ ಕಾಣುತ್ತದೆ, ಮತ್ತೆ ಹಾಕುತ್ತೇನೆ. ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ.

ಇದು ಹುಟ್ಟುಗುಣವಲ್ಲ, ತರಬೇತಿಯಿಂದ ಬಂದದ್ದು. ಅರವತ್ತರ ದಶಕದಲ್ಲಿ ನಾನು ಸಾಗರದ ಒಂದು ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ಶಾಲೆಗೊಬ್ಬರಂತೆ ಶಿವಮೊಗ್ಗಕ್ಕೆ ಪ್ರಥಮ ಚಿಕಿತ್ಸೆಯ ತರಬೇತಿಗೆ ಕಳಿಸಬೇಕೆಂದು ಆದೇಶ ಬಂತು. ನಮ್ಮ ಹೆಡ್‌ಮೇಷ್ಟ್ರಿಗೆ ರಕ್ತ ಕಂಡರೆ ತಲೆ ತಿರುಗುತ್ತಿತ್ತು. ಲೆಕ್ಕದ ಮೇಷ್ಟ್ರು ಹೋದರೆ ಲೆಕ್ಕ ನಿಲ್ಲುತ್ತದೆ, ಇಂಗ್ಲಿಷ್ ಮೇಷ್ಟ್ರು ಹೋದರೆ ಇಂಗ್ಲಿಷ್ ನಿಲ್ಲುತ್ತದೆ. ಕನ್ನಡ ಹೇಗೂ ಮಕ್ಕಳಿಗೆ ಮನೆಯಲ್ಲೇ ಬರುತ್ತದೆ ಎಂದು ನನ್ನನ್ನು ಕಳಿಸಿದರು.

ಆರು ದಿನದ ತರಬೇತಿ. ಕಲಿಸಿದ ಡಾಕ್ಟರು ಎತ್ತರದ ಆಳು, ಅದಕ್ಕಿಂತ ಎತ್ತರದ ದನಿ. ಅವರ ಬಾಯಲ್ಲಿ ‘ಬಹುಶಃ’ ಎಂಬ ಶಬ್ದ ಒಮ್ಮೆಯೂ ಬರಲಿಲ್ಲ. ಸುಟ್ಟರೆ ಇದು, ಮುರಿದರೆ ಇದು, ಮುಳುಗಿದರೆ ಇದು. ಹಾವು ಕಚ್ಚಿದರೆ ಬ್ಲೇಡಿನಿಂದ ಗಾಯವನ್ನು ಕುಯ್ದು, ರಕ್ತ ಹರಿಯಲು ಬಿಟ್ಟು, ಬಾವಿಗೆ ಹಾಕುತ್ತೇವಲ್ಲ ಆ ನೇರಳೆ ಬಣ್ಣದ ಪರ್ಮಾಂಗನೇಟ್ ಹರಳನ್ನು ಗಾಯದೊಳಗೆ ತಿಕ್ಕಬೇಕು. ಅನುಮಾನ ಕೂಡದು, ತಡ ಕೂಡದು. ಕೊನೆಯ ದಿನ ಅವರು ಪೆಟ್ಟಿಗೆಯಲ್ಲಿರಬೇಕಾದ ಇಪ್ಪತ್ತೆರಡು ಸಾಮಾನುಗಳ ಪಟ್ಟಿ ಬರೆಸಿದರು. ಟಿಂಚರು, ಬೋರಿಕ್ ಪುಡಿ, ಹತ್ತಿ, ಪಟ್ಟಿ ಬಟ್ಟೆ, ಪಿನ್ನು, ಕತ್ತರಿ, ಬ್ಲೇಡು, ಮೂರ್ಛೆ ಹೋದವರಿಗೆ ಮೂಸಿಸುವ ಉಪ್ಪು, ಕಣ್ಣು ತೊಳೆಯುವ ಗಾಜಿನ ಬಟ್ಟಲು, ಮೂಳೆ ಮುರಿದಾಗ ಕಟ್ಟುವ ಮರದ ದಬ್ಬೆ, ಹೀಗೆ. ಅದರಲ್ಲಿ ತ್ರಿಕೋನ ಬ್ಯಾಂಡೇಜು ಎಂಬುದೊಂದಿತ್ತು. ಮೂರು ಮೂಲೆಯ ಆ ಒಂದೇ ಬಟ್ಟೆಯಿಂದ ತಲೆ, ಕೈ, ಮಂಡಿ, ದವಡೆ ಎಲ್ಲವನ್ನೂ ಕಟ್ಟಬಹುದು. ಮನುಷ್ಯನ ಮೈಯಲ್ಲಿ ಅದಕ್ಕೆ ಎಟುಕದ ಜಾಗವೇ ಇಲ್ಲ. ಊರಿಗೆ ಬಂದವನೇ ಸಾವಿತ್ರಿಯ ಗಟ್ಟಿಮುಟ್ಟಾದ ಬಲಗೈಯನ್ನು ಕೊರಳಿಗೆ ತೂಗುಹಾಕಿ ತೋರಿಸಿದೆ. ಕಟ್ಟುವುದನ್ನು ಕಲಿಸಿದ್ದರು, ಬಿಚ್ಚುವುದನ್ನು ಕಲಿಸಿರಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿ ಹರಿಯಿತು. ಇನ್ನು ಮೇಲೆ ನಿಜವಾಗಿ ಕೈ ಮುರಿದುಕೊಂಡವರನ್ನು ಹುಡುಕಿಕೊಳ್ಳಿ ಎಂದು ಅವಳು ಹೇಳಿದಳು.

ಇಲ್ಲಿ ಒಂದು ವ್ಯಾಕರಣದ ಮಾತು ಬಂದುಬಿಡುತ್ತದೆ. ಮೇಷ್ಟ್ರ ಚಾಳಿ, ಕ್ಷಮಿಸಬೇಕು. ‘ಪ್ರಥಮ ಚಿಕಿತ್ಸೆ’ ಎಂಬುದರಲ್ಲಿ ಪ್ರಥಮ ಯಾರು? ಇಂಗ್ಲಿಷಿನ ವ್ಯಾಕರಣದಲ್ಲಿ ಮೊದಲನೆಯವನು ‘ನಾನು’. ನಮ್ಮ ವ್ಯಾಕರಣದಲ್ಲಿ ಪ್ರಥಮ ಪುರುಷ ಎಂದರೆ ‘ಅವನು’. ‘ನಾನು’ ಕೊನೆಯವನು, ಆ ಸಂಕೋಚಕ್ಕೆ ಸಮಾಧಾನವಾಗಲೆಂದೋ ಏನೋ ಅವನಿಗೆ ಉತ್ತಮ ಪುರುಷ ಎಂದು ಹೆಸರಿಟ್ಟಿದ್ದಾರೆ. ಇದನ್ನು ನಾನು ವರ್ಷ ವರ್ಷವೂ ಮಕ್ಕಳಿಗೆ ಕಲಿಸುತ್ತಿದ್ದೆ. ಆದರೆ ಪೆಟ್ಟಿಗೆ ತುಂಬುವಾಗ ಮಾತ್ರ ಮೊದಲು ಬರಬೇಕಾದವನು ಗಾಯಗೊಂಡ ಆ ‘ಅವನು’ ಎಂಬುದು ಹೊಳೆಯಲೇ ಇಲ್ಲ. ಪಟ್ಟಿ ಇತ್ತು, ನಾನಿದ್ದೆ, ಪೆಟ್ಟಿಗೆ ಇತ್ತು. ಅವನು ಯಾರೆಂದು ಯಾರೂ ಕೇಳಿರಲಿಲ್ಲ.

ಮೊದಲ ಪೆಟ್ಟಿಗೆ ನಮ್ಮ ಶಾಲೆಗೇ ಆಯಿತು. ಬಿಸ್ಕತ್ತಿನ ಹಳೆಯ ಡಬ್ಬಿಗೆ ಬಿಳಿ ಬಣ್ಣ ಬಳಿದು, ಇಪ್ಪತ್ತೆರಡು ಸಾಮಾನನ್ನೂ ಒಪ್ಪವಾಗಿ ಇಟ್ಟೆ. ಒಂದು ತಿಂಗಳು ಒಂದೇ ಒಂದು ಮಗುವಿಗೂ ಗಾಯವಾಗಲಿಲ್ಲ. ನಾನು ಆಶ್ಚರ್ಯಪಟ್ಟೆ, ಒಳಗೊಳಗೇ ಸ್ವಲ್ಪ ಬೇಸರವನ್ನೂ ಪಟ್ಟೆ. ಆಮೇಲೆ ಗೊತ್ತಾಯಿತು, ಟಿಂಚರಿನ ಉರಿಗೆ ಹೆದರಿ ಮಕ್ಕಳು ಬಿದ್ದರೂ ಬಿದ್ದಿಲ್ಲವೆಂದು ಮಂಡಿಯ ಮೇಲೆ ಚಡ್ಡಿ ಎಳೆದುಕೊಳ್ಳುತ್ತಿದ್ದರು. ಬಂದ ಕೆಲವರ ತೊಂದರೆಗಳಿಗೆ ನನ್ನ ಪಟ್ಟಿಯಲ್ಲಿ ಉತ್ತರವಿರಲಿಲ್ಲ. ಮೂಗಿನೊಳಗೆ ಬಳಪದ ಚೂರು. ಕಿವಿಯಲ್ಲಿ ಇರುವೆ. ಎರಡು ಕೈಗೂ ಹಲಸಿನ ಮೇಣ ಮೆತ್ತಿಸಿಕೊಂಡು ಬೆರಳು ಬಿಡಿಸಲಾಗದೆ ಅಳುತ್ತಿದ್ದ ಐದನೇ ಕ್ಲಾಸಿನ ಹುಡುಗಿ. ಅವಳಿಗೆ ಬೇಕಾದದ್ದು ಕೊಬ್ಬರಿ ಎಣ್ಣೆ. ಅದು ಇಪ್ಪತ್ತಮೂರನೆಯ ಸಾಮಾನಾಗಿ ಡಬ್ಬಿಯನ್ನು ಸೇರಿತು, ಡಬ್ಬಿಯ ಮುಚ್ಚಳ ಹಾಕಲಾಗದಂತಾಯಿತು.

ಇಷ್ಟರಲ್ಲಿ ನಾನು ಸಾಗರದಲ್ಲಿ ಔಷಧಿ ಡಬ್ಬಿಯ ಮೇಷ್ಟ್ರು ಎಂದು ಹೆಸರಾಗಿದ್ದೆ. ಗಂಧದ ಕೆತ್ತನೆಯ ಗುಡಿಗಾರ ಮಂಜಪ್ಪನವರು ಒಂದು ದಿನ ಮನೆಗೆ ಬಂದರು. ಅವರ ಅಂಗಡಿಯಲ್ಲಿ ಎಂಟು ಜನ ಕೂತು ಉಳಿ ಹಿಡಿಯುತ್ತಿದ್ದರು. ಎಂಟೂ ಜನರ ಎಡ ಹೆಬ್ಬೆರಳಿನಲ್ಲಿ ಗಾಯದ ಗೆರೆಗಳು. ನಮಗೂ ಒಂದು ಡಬ್ಬಿ ಮಾಡಿಕೊಡಿ ಎಂದರು. ಉಳಿಯ ಗಾಯವಲ್ಲವೇ ಎಂದು ನಾನು ದಪ್ಪ ದಪ್ಪ ಪಟ್ಟಿ ಬಟ್ಟೆಯನ್ನೇ ಹೆಚ್ಚಾಗಿ ತುಂಬಿ, ಕಣ್ಣು ತೊಳೆಯುವ ಗಾಜಿನ ಬಟ್ಟಲನ್ನು ಇದೇನು ಶೋಕಿ ಎಂದು ತೆಗೆದಿಟ್ಟೆ. ಹದಿನೈದು ದಿನಕ್ಕೆ ಮಂಜಪ್ಪನವರು ಡಬ್ಬಿ ಹಿಡಿದುಕೊಂಡೇ ವಾಪಸು ಬಂದರು. ಪಟ್ಟಿ ಸುತ್ತಿದ್ದು ಸುತ್ತಿದಂತೆಯೇ ಇತ್ತು.

“ಬೆರಳಿಗೆ ಇಷ್ಟು ದಪ್ಪ ಕಟ್ಟಿದ್ರೆ ಉಳಿ ಎಲ್ಲಿ ಕೂತಿದೆ ಅಂತ ಬೆರಳಿಗೆ ಗೊತ್ತಾಗೋದಿಲ್ಲ ಮೇಷ್ಟ್ರೇ” ಎಂದರು ಅವರು, ಬೇಸರ ಮಾಡಿಕೊಳ್ಳದೆ. “ಬೆರಳಿನ ಗಾಯ ನಮಗೆ ಗಾಯವೇ ಅಲ್ಲ. ಚಕ್ಕೆ ಹಾರಿ ಕಣ್ಣಿಗೆ ಬೀಳ್ತದಲ್ಲ, ಅದಕ್ಕೆ ಏನಾದ್ರೂ ಇದ್ರೆ ಕೊಡಿ.”

ನಾನು ಒಳಗೆ ಹೋಗಿ ಆ ಗಾಜಿನ ಬಟ್ಟಲನ್ನು ತಂದು ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಕಣ್ಣಿನ ಗುಳಿಗೆ ಸರಿಯಾಗಿ ಕೂರುವ ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿ, ಇದನ್ನು ಮಾಡಿದವನು ಕೆಲಸ ಬಲ್ಲವನು ಎಂದರು. ಪಟ್ಟಿಯಲ್ಲಿ ನಾನು ತಮಾಷೆ ಮಾಡಿದ ಒಂದೇ ಸಾಮಾನು ಅದು.

ಆಮೇಲೆ ಹೊಸನಗರ ತಾಲ್ಲೂಕಿನ ಶಾಲೆಗಳಿಗೂ ಹೋಗಿ ಪೆಟ್ಟಿಗೆ ತುಂಬುವುದು ಹೇಗೆಂದು ಹೇಳಿಕೊಡಬೇಕೆಂದು ಆದೇಶವಾಯಿತು. ಹೇಗೆಂಬುದು ನನಗೇ ದಿನದಿನಕ್ಕೆ ಮಸುಕಾಗುತ್ತಿದ್ದ ಕಾಲ ಅದು. ಆದರೂ ಹೋದೆ. ನಿಟ್ಟೂರಿನ ಶಾಲೆಯಲ್ಲಿ ಮಾತಾಡುತ್ತಿದ್ದಾಗ ಆ ಸುತ್ತಿನ ಹೆರಿಗೆ ನರ್ಸು ಕಮಲಮ್ಮನವರು ಹಿಂದಿನ ಬೆಂಚಿನಲ್ಲಿ ಬಂದು ಕೂತರು. ಕಾಡಿನ ದಾರಿಯಲ್ಲಿ ಮನೆಯಿಂದ ಮನೆಗೆ ನಡೆದೇ ತಿರುಗುವ ಹೆಂಗಸು. ಕಾಲಿಗೆ ಗಂಡಸರ ಬೂಟು, ಹೆಗಲಿಗೆ ಒಂದು ಖಾಕಿ ಚೀಲ. ಮಾತು ಮುಗಿದ ಮೇಲೆ ನನ್ನ ಪೆಟ್ಟಿಗೆಯನ್ನು ಮೇಜಿನ ಮೇಲೆ ಬರಿದು ಮಾಡಿ ಒಂದೊಂದನ್ನೇ ನೋಡಿದರು. ಕಾಲಿಗೆ ಕಚ್ಚಿಕೊಂಡು ರಕ್ತ ಹೀರುವ ಉಂಬಳಕ್ಕೆ ಉಪ್ಪೆಲ್ಲಿ ಎಂದು ಕೇಳಿದರು. ಮೂಸಿಸುವ ಉಪ್ಪನ್ನು ತೋರಿಸಿದೆ, ಅವರು ನಕ್ಕರು. ಬೀಗ ಯಾಕೆ ಎಂದರು. ಸಾಮಾನು ಕಳೆದುಹೋಗಬಾರದಲ್ಲ, ಬೀಗದ ಕೈ ಹೆಡ್‌ಮೇಷ್ಟ್ರ ಹತ್ತಿರ ಇರುತ್ತದೆ ಎಂದೆ. ಹೆಡ್‌ಮೇಷ್ಟ್ರು ಮನೆಗೆ ಹೋದ ಮೇಲೆ ಈ ಊರಿನಲ್ಲಿ ಯಾರೂ ಬೀಳಬಾರದೋ ಎಂದು ಕೇಳಿದರು. ಕೊನೆಗೆ ಬ್ಲೇಡನ್ನೂ ನೇರಳೆ ಹರಳನ್ನೂ ಬೇರೆ ತೆಗೆದಿಟ್ಟರು.

“ನಮಗೂ ಹೀಗೇ ಹೇಳಿಕೊಟ್ಟಿದ್ರು” ಎಂದರು. “ಆರು ವರ್ಷ ಆಯ್ತು, ಒಂದು ಸಲಾನೂ ಕುಯ್ದಿಲ್ಲ ನಾನು. ಕಚ್ಚಿದ ಗಾಯ ಒಂದಿದೆ. ಅದರ ಮೇಲೆ ಕುಯ್ದ ಗಾಯ ಇನ್ನೊಂದು ಮಾಡಿದ್ರೆ ನಾನು ಯಾವುದನ್ನ ನೋಡ್ಲಿ?”

ಹಾಗಾದರೆ ಶಿವಮೊಗ್ಗದ ಡಾಕ್ಟರು ಹೇಳಿದ್ದು ತಪ್ಪೇ ಎಂದು ಕೇಳಿದೆ. ಅವರು ಓದಿದವರು, ತಪ್ಪು ಅನ್ನಲು ನಾನ್ಯಾರು ಎಂದರು. ಸರಿಯೇ ಎಂದು ಕೇಳಿದೆ. ಅದೂ ಗೊತ್ತಿಲ್ಲ ಎಂದು ಚೀಲ ಹೆಗಲಿಗೇರಿಸಿ ಹೊರಟರು. ಹೊಸನಗರಕ್ಕೆ ಹಿಂತಿರುಗುವ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಲಿಸಲು ಹೋದವನು ಕಲಿತದ್ದನ್ನೂ ಕಳೆದುಕೊಂಡು ಬರುತ್ತಿದ್ದೆ.

ನಿಟ್ಟೂರಿನಿಂದ ಬಂದ ಮರುವಾರವೇ, ಮಾಗಿ ಕಳೆದು ಬಿಸಿಲು ಏರುತ್ತಿದ್ದ ದಿನಗಳಲ್ಲಿ, ತೀರ್ಥಹಳ್ಳಿ ಹತ್ತಿರದ ಮೇಳಿಗೆಗೆ ಹೋದೆ. ಅಲ್ಲಿ ನಮ್ಮ ಗಿರಿಜಕ್ಕನನ್ನು ಕೊಟ್ಟಿತ್ತು. ತಾಯಿ ಬೇಗ ಹೋದ್ದರಿಂದ ನನ್ನನ್ನು ಸಾಕಿದವಳು ಅವಳೇ. ಭಾವ ರಂಗಪ್ಪಗೌಡರದು ದೊಡ್ಡ ಬೇಸಾಯ. ಕತ್ತಿ, ಕೊಡಲಿ, ಗುದ್ದಲಿ ಹಿಡಿಯುವ ಕೈಗಳು ಹತ್ತಿಪ್ಪತ್ತು. ಆ ಮನೆಗೆಂದೇ ನಾನೊಂದು ಪೆಟ್ಟಿಗೆ ಮಾಡಿಕೊಂಡು ಹೋಗಿದ್ದೆ. ಈ ಬಾರಿ ಬುದ್ಧಿ ಬಂದಿತ್ತು: ಕಲ್ಲುಪ್ಪು ಇತ್ತು, ಕೊಬ್ಬರಿ ಎಣ್ಣೆ ಇತ್ತು, ಬೀಗ ಇರಲಿಲ್ಲ. ಬ್ಲೇಡನ್ನು ಹಾಕುವುದೋ ಬಿಡುವುದೋ ಎಂದು ಎರಡು ದಿನ ಯೋಚಿಸಿ ಕಡೆಗೆ ಹಾಕಿದ್ದೆ. ಗಂಡಸರು ಗಡ್ಡ ಹೆರೆದುಕೊಳ್ಳಲಿಕ್ಕಾದರೂ ಆಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಮರುದಿನ ಬೆಳಿಗ್ಗೆ ತಿಂಡಿಯಾದ ಮೇಲೆ ಅಕ್ಕ ಕೊಟ್ಟಿಗೆಯ ಪಕ್ಕದ ತರಗೆಲೆಯ ರಾಶಿಯಲ್ಲಿ ಕಾಲಿಟ್ಟು ನಿಂತು ದನಗಳ ಕಾಲಡಿಗೆ ಹರಡಲು ಬುಟ್ಟಿ ತುಂಬುತ್ತಿದ್ದಳು. ಕೂಗಲಿಲ್ಲ. ಬುಟ್ಟಿಯನ್ನು ಕೆಳಗಿಟ್ಟು, ಅಂಗಳದ ಚಪ್ಪರದ ಕೆಳಗೆ ಬಂದು ಕೂತು, ಕಾಲು ನೀಡಿ, ಏನೋ ಕಚ್ಚಿತು ಎಂದಳು. ಕಾಲಿನ ಹರಡಿನ ಮೇಲೆ ಎರಡು ಚುಕ್ಕೆ, ಅಷ್ಟೆ. ಆಳುಗಳು ರಾಶಿಯತ್ತ ಓಡಿದರು. ಒಬ್ಬ ಕೇರೆ ಹಾವು ಎಂದ. ಮತ್ತೊಬ್ಬ, ಹೆಡೆ ಎತ್ತಿದ್ದನ್ನು ಕಣ್ಣಾರೆ ಕಂಡೆ ಎಂದ. ಭಾವ ಹೆಗಲ ಮೇಲಿನ ಟವಲನ್ನು ಮಂಡಿಯ ಕೆಳಗೆ ಕಟ್ಟಿದರು. ಅವರ ತಾಯಿ ಪಕ್ಕದ ಊರಿನಿಂದ ಬೇರು ಕೊಡುವವನನ್ನು ಕರೆಸಬೇಕೆಂದು ಹಟ ಹಿಡಿದರು. ಯಾರೋ ನನ್ನ ಪೆಟ್ಟಿಗೆಯನ್ನು ತಂದು ನನ್ನ ಮುಂದಿಟ್ಟರು. ಗದ್ದಲವೆಲ್ಲ ಒಮ್ಮೆಲೇ ನಿಂತು, ಇಡೀ ಅಂಗಳ ನನ್ನ ಮುಖ ನೋಡಿತು.

“ನೀನು ಕಲ್ತು ಬಂದಿದೀಯಲ್ಲ ಮಾರಾಯ” ಎಂದರು ಭಾವ. “ಕುಯ್ಯೋದಾದ್ರೆ ಕುಯ್ಯಿ.”

ಬ್ಲೇಡಿನ ಕಾಗದ ಬಿಚ್ಚಿದೆ. ಅಕ್ಕನ ಕಾಲನ್ನು ಎಡಗೈಯಲ್ಲಿ ಹಿಡಿದೆ. ನಾನು ಎಡವಿ ಬಿದ್ದಾಗಲೆಲ್ಲ ಓಡಿ ಬರುತ್ತಿದ್ದ ಕಾಲು ಅದು. ಡಾಕ್ಟರು ಕಾಲಿನ ಉದ್ದಕ್ಕೆ ಕುಯ್ಯಬೇಕೆಂದಿದ್ದರೋ ಅಡ್ಡಕ್ಕೋ? ಎಷ್ಟು ಆಳ? ಅನುಮಾನ ಕೂಡದು, ತಡ ಕೂಡದು ಎಂಬ ಅವರ ದನಿಯೊಂದು ಸ್ಪಷ್ಟವಾಗಿ ಕೇಳುತ್ತಿತ್ತು, ಉಳಿದದ್ದೆಲ್ಲ ಮರೆತಿತ್ತು. ಅದರ ಬೆನ್ನಿಗೇ ಕಮಲಮ್ಮನವರು ಯಾವುದನ್ನ ನೋಡ್ಲಿ ಎಂದು ಕೇಳುತ್ತಿದ್ದರು. ಇಬ್ಬರಲ್ಲಿ ಒಬ್ಬರು ಸರಿ ಇರಲೇಬೇಕು. ಯಾರೆಂದು ತಿಳಿಯುವಷ್ಟರಲ್ಲಿ ನಮ್ಮಕ್ಕ ಸತ್ತುಹೋಗುತ್ತಾಳೆ. ನನ್ನ ಕೈಯಲ್ಲಿದ್ದ ಬ್ಲೇಡು ಅವಳ ಕಾಲಿನ ಹತ್ತಿರ ಹೋಗುವುದು, ಹಿಂದಕ್ಕೆ ಬರುವುದು.

“ಎಂತಕ್ಕೆ ಹಂಗೆ ಕೂತಿದೀಯ ತಮ್ಮ” ಎಂದಳು ಅಕ್ಕ, ಮೆಲ್ಲಗೆ. “ಏನಾದ್ರೂ ಒಂದು ಮಾಡು.”

ಬ್ಲೇಡನ್ನು ಕೆಳಗಿಟ್ಟೆ. ಇದು ವಿವೇಕವೆಂದು ನೀವು ತಿಳಿಯಬಾರದು. ಬ್ಲೇಡು ಹಿಡಿದರೆ ತಪ್ಪಾಗಬಹುದು, ಆದ್ದರಿಂದ ತಪ್ಪೇ ಆಗದಂಥ ಯಾವುದಾದರೂ ಕೆಲಸ ಸಿಗುತ್ತದೆಯೇ ಎಂದು ಪೆಟ್ಟಿಗೆಯಲ್ಲಿ ತಡಕಾಡಿದೆ. ದಬ್ಬೆ ಕೈಗೆ ಸಿಕ್ಕಿತು. ದಬ್ಬೆ ಕಟ್ಟುವುದೊಂದು ನನಗೆ ಚೆನ್ನಾಗಿ ಬರುತ್ತಿತ್ತು. ತರಬೇತಿಯಲ್ಲಿ ಶಭಾಸ್ ಎನ್ನಿಸಿಕೊಂಡಿದ್ದೆ. ಗಾಯವನ್ನು ಸೋಪಿನ ನೀರಿನಲ್ಲಿ ತೊಳೆದು, ಮುರಿಯದ ಕಾಲಿಗೆ ಎರಡು ಬದಿಯಿಂದ ದಬ್ಬೆ ಇಟ್ಟು, ಆ ತ್ರಿಕೋನದ ಬಟ್ಟೆಗಳಿಂದ ಮೂರು ಕಡೆ ಕಟ್ಟಿದೆ. ಇವನಿಗೆ ತಲೆ ಕೆಟ್ಟಿತೇ ಎನ್ನುವಂತೆ ಭಾವ ನೋಡಿದರು. ಕಾಲು ಅಲುಗಿಸಬೇಡಿ, ಎತ್ತಿಕೊಳ್ಳಿ, ತೀರ್ಥಹಳ್ಳಿಗೆ ಹೋಗೋಣ ಎಂದೆ. ಅದನ್ನು ನಾನು ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ನನಗೇ ಗಾಬರಿಯಾಯಿತು.

ಅಕ್ಕನನ್ನು ಕುರ್ಚಿ ಸಮೇತ ಹೊತ್ತು ರಸ್ತೆಗೆ ತಂದರು. ಬೆಳಗಿನ ಬಸ್ಸು ಬಂತು. ಡ್ರೈವರನಿಗೆ ವಿಷಯ ತಿಳಿಸಿದ್ದಷ್ಟೇ. ಆಮೇಲೆ ಆ ಬಸ್ಸು ಎಲ್ಲಿಯೂ ನಿಲ್ಲಲಿಲ್ಲ. ನಡುವೆ ಇಳಿಯಬೇಕಾದವರು ತಮ್ಮ ತಮ್ಮ ಊರು ಹಿಂದಕ್ಕೆ ಹೋಗುವುದನ್ನು ಕಿಟಕಿಯಿಂದ ನೋಡುತ್ತ ಕೂತರು, ಒಬ್ಬರೂ ಗಂಟೆ ಬಾರಿಸಲಿಲ್ಲ. ಅರ್ಧ ದಾರಿಯಲ್ಲಿ ಅಕ್ಕನ ರೆಪ್ಪೆಗಳು ಜೋತು ಬೀಳತೊಡಗಿದವು. ಕರೆದರೆ ಉತ್ತರ ಬರುತ್ತಿತ್ತು, ಆದರೆ ಮಾತು ನಾಲಿಗೆಗೆ ಸಿಕ್ಕಿಕೊಳ್ಳುತ್ತಿತ್ತು. ಕೇರೆ ಹಾವಲ್ಲ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು. ಭಾವ ನನ್ನನ್ನು ಬೈಯಲಿಲ್ಲ. ನನ್ನ ಜೇಬಿನಲ್ಲಿ ಬ್ಲೇಡು ಇದೆಯೇ ಎಂದಷ್ಟೇ ಕೇಳಿದರು. ಪೆಟ್ಟಿಗೆಯನ್ನು ಅಂಗಳದಲ್ಲೇ ಬಿಟ್ಟು ಬಂದಿದ್ದೆ. ನನ್ನ ಬದುಕಿನಲ್ಲಿ ಅಷ್ಟು ಉದ್ದದ ದಾರಿಯನ್ನು ನಾನು ಮತ್ತೆ ಕಾಣಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಇದ್ದರು, ಮದ್ದೂ ಇತ್ತು. ಅವರು ಮೊದಲು ನೋಡಿದ್ದು ದಬ್ಬೆಯನ್ನು. ಕಾಲು ಮುರಿದಿದೆಯೇ ಎಂದು ಕೇಳಿದರು. ಇಲ್ಲ ಎಂದೆ. ಮತ್ತೆ ಇದೇಕೆ ಎಂದರು. ಗೊತ್ತಾಗಲಿಲ್ಲ ಸಾರ್ ಎಂದೆ. ಅವರು ಇಂಜೆಕ್ಷನ್ನಿಗೆ ಕೈಹಾಕಿದರು. ಸಂಜೆಯ ಹೊತ್ತಿಗೆ ಅಕ್ಕ ಕಣ್ಣು ಬಿಟ್ಟು ನೀರು ಕೇಳಿದಳು. ಡಾಕ್ಟರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ನೀವು ಕುಯ್ಯಲಿಲ್ಲ ಅಲ್ಲವೇ ಎಂದರು. ಹೌದು ಎಂದೆ. ಹ್ಞೂ ಎಂದು ಹೊರಟುಹೋದರು. ಆ ಹ್ಞೂ ಹೊಗಳಿಕೆಯೋ ಬೈಗುಳವೋ ಎಂದು ನಾನು ಎಷ್ಟು ವರ್ಷ ತಲೆ ಕೆಡಿಸಿಕೊಂಡೆನೋ ನನಗೇ ಲೆಕ್ಕವಿಲ್ಲ.

ಭಾವನಿಗೆ ಮಾತ್ರ ಸಂಶಯವಿರಲಿಲ್ಲ. ನೆಂಟರು ಸೇರಿದಾಗಲೆಲ್ಲ ಈ ಕತೆ ಹೇಳುತ್ತಿದ್ದರು: ನಮ್ಮ ಭಾವಮೈದ ಒಂದು ಪೆಟ್ಟಿಗೆ ತಂದಿದ್ದ, ಅದರಲ್ಲಿ ಎಲ್ಲ ಇತ್ತು, ಧೈರ್ಯ ಒಂದನ್ನು ಹಾಕಿಕೊಂಡು ಬರಲು ಮರೆತಿದ್ದ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಅಕ್ಕ ಎಲೆ ಹಾಕುತ್ತಲೋ ಬಡಿಸುತ್ತಲೋ ಇರುತ್ತಿದ್ದಳು, ಒಮ್ಮೆಯೂ ಏನೂ ಹೇಳಿದವಳಲ್ಲ. ಅವಳಿಗೆ ಏನಾದರೂ ಆಗಿದ್ದರೆ ಅದೇ ಗೊಂದಲ ನನ್ನನ್ನು ಸಾಯುವ ತನಕ ಕೊರೆಯುತ್ತಿತ್ತು. ಆಗಲಿಲ್ಲ, ಆದ್ದರಿಂದ ಅದು ನೆಂಟರ ನಗೆಯಾಯಿತು.

ಸುಮಾರು ಇಪ್ಪತ್ತು ವರ್ಷದ ಮೇಲೆ, ನಾನು ಹೆಡ್‌ಮೇಷ್ಟ್ರಾಗಿದ್ದಾಗ, ಶಾಲೆಗೆ ಪ್ರಥಮ ಚಿಕಿತ್ಸೆಯ ಹೊಸ ಪುಸ್ತಿಕೆಯೊಂದು ಬಂತು. ಹಾವಿನ ಪುಟ ತೆಗೆದೆ. ಕುಯ್ಯಕೂಡದು; ಏನನ್ನೂ ತಿಕ್ಕಕೂಡದು; ಕಚ್ಚಿದ ಕೈಕಾಲನ್ನು ಮೂಳೆ ಮುರಿದಾಗ ಕಟ್ಟುವಂತೆ ದಬ್ಬೆ ಕಟ್ಟಿ ಅಲುಗದಂತೆ ಇಟ್ಟು ಬೇಗ ಆಸ್ಪತ್ರೆಗೆ ಒಯ್ಯಬೇಕು. ಮೂರು ಸಲ ಓದಿದೆ. ಮೊದಲು ಸಂತೋಷವಾಯಿತು. ಆಮೇಲೆ, ಶಿವಮೊಗ್ಗದಿಂದ ಹಾಗೆ ಕಲಿತು ಹೋದ ನಮ್ಮಂಥವರು ಎಷ್ಟು ಜನರೋ, ಅವರಲ್ಲಿ ಜ್ಞಾಪಕಶಕ್ತಿ ಚೆನ್ನಾಗಿದ್ದವರು ಎಷ್ಟು ಜನರೋ ಎಂದು ನೆನೆದು ಆ ಸಂತೋಷ ಸಪ್ಪೆಯಾಯಿತು. ಈ ಹೊಸ ಪುಸ್ತಿಕೆಯನ್ನಾದರೂ ಪೂರ್ತಿ ನಂಬಬಹುದೋ ಎಂಬುದು ಅದರ ಹಿಂದೆಯೇ ಬಂತು.

ಭಾನುವಾರ ಪುಸ್ತಿಕೆಯನ್ನು ಜೇಬಿನಲ್ಲಿಟ್ಟುಕೊಂಡು ಮೇಳಿಗೆಗೆ ಹೋದೆ. ಭಾವ ಎಲ್ಲಿಗೋ ಹೋಗಿದ್ದರು. ಅಕ್ಕ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಹಾಗಾದರೆ ಅವತ್ತು ನೀನು ಗೊತ್ತಿದ್ದೇ ಮಾಡಿದ್ದಾ ಎಂದು ಕೇಳಿದಳು.

ಹೌದು ಎನ್ನಬಹುದಿತ್ತು. ಭಾವನ ಕತೆಗೆ ಇಪ್ಪತ್ತು ವರ್ಷದ ಬಾಕಿ ಉತ್ತರ ಅದೇ ಆಗುತ್ತಿತ್ತು.

“ಇಲ್ಲ ಅಕ್ಕ” ಎಂದೆ. “ಏನು ಮಾಡಬೇಕು ಅಂತಲೇ ತಿಳೀಲಿಲ್ಲ.”

“ಅದು ನಂಗೆ ಗೊತ್ತಿತ್ತು” ಎಂದಳು ಅವಳು, ಕಾಯಿಯಿಂದ ಕಣ್ಣೆತ್ತದೆ. “ನಿನ್ನ ಕೈ ನೋಡ್ತಾ ಇದ್ನಲ್ಲ. ನಿನ್ನ ಭಾವ ಹೇಳ್ತಾರೆ, ಜನ ಎಲ್ಲ ನೋಡ್ತಾರೆ ಅಂತ ನೀನು ಕುಯ್ದೇ ಬಿಡ್ತೀಯ ಅಂತ ಹೆದ್ರಿದ್ದೆ. ನೀನು ಅದನ್ನ ಕೆಳಗಿಟ್ಟೆ ನೋಡು, ಆಗ ಜೀವಕ್ಕೆ ಸಮಾಧಾನ ಆಯ್ತು. ಸತ್ರೂ ಹಾವು ಕಚ್ಚೇ ಸಾಯ್ತೀನಿ, ತಮ್ಮನ ಕೈಯಲ್ಲಿ ಅಲ್ಲ ಅಂತ.”

ಮೊರವನ್ನು ಸ್ವಲ್ಪ ನನ್ನ ಕಡೆಗೆ ತಳ್ಳಿದಳು. ಇಬ್ಬರೂ ಕೂತು ಕಾಯಿ ಸುಲಿದೆವು. ಅದರಲ್ಲಿ ಉದ್ದಕ್ಕೋ ಅಡ್ಡಕ್ಕೋ ಎಂಬ ಪ್ರಶ್ನೆಯಿಲ್ಲ. ಹೇಗೆ ಹಿಡಿದರೂ ಕಾಯಿ ಬಿಚ್ಚಿಕೊಳ್ಳುತ್ತದೆ.